‘15 ನಿಮಿಷದ ನಗರ’ ತೆರೆದ ಜೈಲಾ? ಚಡಚಣದಲ್ಲಿ ನಿಂತು ನೋಡಿದರೆ ಕಾಣುವ ನಿಜ

ನಿಮ್ಮ ಏರಿಯಾ ಬಿಟ್ಟು 15 ನಿಮಿಷಕ್ಕಿಂತ ದೂರ ಹೋದರೆ ದಂಡ ಬೀಳುತ್ತದೆ, ತಿರುವು ತಿರುವಿಗೂ ಕ್ಯಾಮೆರಾ ಇರುತ್ತದೆ, ಪರಿಸರದ ಹೆಸರು ಹೇಳಿ ಜನರನ್ನು ಓಣಿಯೊಳಗೆ ಕೂಡಿಹಾಕುವ ಸಂಚು ಇದು. ‘15 ನಿಮಿಷದ ನಗರ’ದ ಬಗ್ಗೆ ಈ ಅರ್ಥದ ಫಾರ್ವರ್ಡ್ ನಿಮಗೂ ಬಂದಿರಬಹುದು. ಬಂದಿದ್ದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಇದು ಸುಳ್ಳು. ಆದರೆ ಸುಳ್ಳು ಎಂದು ಹೇಳಿ ಮುಗಿಸಿದರೆ ಸಾಲದು. ಈ ಮಾತು ನಮ್ಮ ಕಡೆಯ ಊರುಗಳಿಗೆ ನೇರವಾಗಿ ಸಂಬಂಧಿಸಿದ್ದು. ವಿಜಯಪುರ ಜಿಲ್ಲೆಯ ಚಡಚಣದಂಥ ಪಟ್ಟಣಗಳು ಈಗಲೂ 15 ನಿಮಿಷದ ಊರುಗಳೇ. ಪ್ಯಾರಿಸ್‌ನವರು ಕೋಟಿಗಟ್ಟಲೆ ಖರ್ಚು ಮಾಡಿ ಮರಳಿ ತರಲು ನೋಡುತ್ತಿರುವುದು ಇಲ್ಲಿ ಪುಕ್ಕಟೆ ಇದೆ. ಅದನ್ನು ನಾವು ಕಳೆದುಕೊಳ್ಳುವ ಹಂತದಲ್ಲಿದ್ದೇವೆ.

ವದಂತಿ ಹುಟ್ಟಿದ್ದು ಎಲ್ಲಿ?

2016ರಲ್ಲಿ ಪ್ಯಾರಿಸ್‌ನ ಸೋರ್ಬೋನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ‘15 ನಿಮಿಷದ ನಗರ’ ಎಂಬ ಮಾತನ್ನು ಬಳಕೆಗೆ ತಂದರು. ಶಾಲೆ, ಕಿರಾಣಿ ಅಂಗಡಿ, ದವಾಖಾನೆ, ಆಡುವ ಮೈದಾನ, ಆದಷ್ಟು ಮಟ್ಟಿಗೆ ಕೆಲಸದ ಜಾಗವೂ ಮನೆಯಿಂದ 15 ನಿಮಿಷದ ನಡಿಗೆಯಲ್ಲೋ ಸೈಕಲ್ ದಾರಿಯಲ್ಲೋ ಸಿಗುವಂತಿರಬೇಕು ಎಂಬುದಷ್ಟೇ ಅದರ ತಿರುಳು. 2020ರಲ್ಲಿ ಪ್ಯಾರಿಸ್ ಮೇಯರ್ ಆನ್ ಹಿಡಾಲ್ಗೊ ಇದನ್ನು ಚುನಾವಣೆಯ ಭರವಸೆಯಾಗಿ ಮುಂದಿಟ್ಟರು. ಬೇಕಾದ್ದು ಹತ್ತಿರ ಇರಲಿ ಎಂದರು. ದೂರ ಹೋಗಬೇಡಿ ಎಂದು ಯಾರೂ ಹೇಳಲಿಲ್ಲ.

ಗೊಂದಲ ಆದದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಅಲ್ಲಿ 2022ರಲ್ಲಿ ಎರಡು ಬೇರೆ ಬೇರೆ ಯೋಜನೆಗಳು ಒಟ್ಟಿಗೇ ಸುದ್ದಿಯಲ್ಲಿದ್ದವು. ನಗರಾಡಳಿತದ ಯೋಜನೆಯಲ್ಲಿ 15 ನಿಮಿಷದ ಬಡಾವಣೆಗಳ ಮಾತಿತ್ತು. ಜಿಲ್ಲಾಡಳಿತ ಬೇರೆಯಾಗಿ, ದಟ್ಟಣೆಯ ಆರು ಕಡೆಗಳಲ್ಲಿ ನಿಗದಿತ ಹೊತ್ತಿನಲ್ಲಿ ಪರವಾನಗಿ ಇಲ್ಲದ ಖಾಸಗಿ ಕಾರುಗಳು ದಾಟದಂತೆ ಕ್ಯಾಮೆರಾ ಹಾಕುವ ತೀರ್ಮಾನ ಮಾಡಿತ್ತು. ನಡೆಯುವವರಿಗೆ, ಬಸ್ಸಿಗೆ, ಸೈಕಲ್ಲಿಗೆ ತಡೆ ಇರಲಿಲ್ಲ. ಕಾರಿನವರೂ ಊರ ಸುತ್ತಿನ ರಸ್ತೆ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಯಾರೋ ಈ ಎರಡನ್ನೂ ಒಂದೇ ಮಾಡಿ ಹೇಳಿದರು. 2023ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು, ಅದರ ವಿಡಿಯೊಗಳು ಜಗತ್ತೆಲ್ಲ ಸುತ್ತಿದವು. ಕಾರಿನ ಮೇಲಿನ ಆ ನಿರ್ಬಂಧ ಸರಿಯೋ ತಪ್ಪೋ ಎಂದು ಆ ಊರಿನವರು ಜಗಳವಾಡಲಿ, ಅದು ಬೇರೆ ಮಾತು. ಮನುಷ್ಯರನ್ನು ಕೂಡಿಹಾಕುವ ಕಾಯ್ದೆ ಮಾತ್ರ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಆದಿಲ್‌ಶಾಹಿಯವರದು 20 ನಿಮಿಷದ ನಗರ

ಇದನ್ನು ಹೊಸ ವಿದೇಶಿ ವಿಚಾರ ಎಂದುಕೊಳ್ಳುವವರು ವಿಜಯಪುರದ ಕೋಟೆ ಗೋಡೆಯನ್ನು ಅಳೆದು ನೋಡಬಹುದು. ಒಂದನೇ ಅಲಿ ಆದಿಲ್‌ಶಾಹ 1565ರಲ್ಲಿ ಕಟ್ಟಿ ಮುಗಿಸಿದ ಆ ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಊರು ದುಂಡಗಿದೆ ಎಂದುಕೊಂಡರೆ ನಡುವಿನಿಂದ ಗೋಡೆಗೆ ಸುಮಾರು 1.6 ಕಿಲೋಮೀಟರ್. ಮನುಷ್ಯ ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ 80 ಮೀಟರ್ ಹೋಗುತ್ತಾನೆ. ಅಂದರೆ ನಡು ಊರಿನಿಂದ ಯಾವ ದರವಾಜಕ್ಕೆ ಹೊರಟರೂ 20 ನಿಮಿಷ. ಒಳಗೆ ಅಲ್ಲಲ್ಲಿ ಬಾವಡಿ, ನೀರಿನ ಗಂಜು, ಪೇಟೆ, ಮಸೀದಿ, ಗುಡಿ. ದಕ್ಷಿಣ ಏಷ್ಯಾದ ದೊಡ್ಡ ರಾಜಧಾನಿಗಳಲ್ಲಿ ಒಂದಾಗಿದ್ದ ಊರು ಅದು. ಆದರೂ ಕಾಲ್ನಡಿಗೆಯ ಅಳತೆಗೆ ಒಳಪಟ್ಟೇ ಇತ್ತು. ಇರಲೇಬೇಕಿತ್ತು, ಬಹುಪಾಲು ಜನರಿಗೆ ಕಾಲು ಬಿಟ್ಟರೆ ಬೇರೆ ವಾಹನ ಇರಲಿಲ್ಲ.

ಇದೇ ಲೆಕ್ಕವನ್ನು ಚಡಚಣಕ್ಕೆ ಹಾಕೋಣ. 15 ನಿಮಿಷಕ್ಕೆ 1,200 ಮೀಟರ್. ಊರ ನಡುವೆ ಒಂದು ಗೂಟ ನೆಟ್ಟು 1,200 ಮೀಟರ್ ಹಗ್ಗ ಕಟ್ಟಿ ಸುತ್ತು ಹಾಕಿದರೆ ಒಳಗೆ ಸಿಗುವ ಜಾಗ ಸುಮಾರು 1,100 ಎಕರೆ. ಓಣಿಗಳು ನೇರ ಇರುವುದಿಲ್ಲ, ಹಾಗಾಗಿ ನಿಜವಾಗಿ ನಡೆದು ಮುಟ್ಟುವ ಜಾಗ ಅದಕ್ಕಿಂತ ಕಡಿಮೆ. ಅರ್ಧವೇ ಎಂದು ಹಿಡಿದರೂ ಒಂದು ಪಟ್ಟಣ ಪಂಚಾಯಿತಿಯ ಊರಿಗೆ ಧಾರಾಳವಾಯಿತು. ಬಸ್ ನಿಲ್ದಾಣ, ಶಾಲೆ, ಸಂಗಮೇಶ್ವರ ಗುಡಿ, ಮದುವೆ ಜವಳಿಗೆಂದು ಗಡಿಯಾಚೆಯಿಂದಲೂ ಜನ ಬರುವ ಬಟ್ಟೆ ಅಂಗಡಿಗಳು, ಸಂತೆ, ಬ್ಯಾಂಕು, ಎಲ್ಲವೂ ಕಾಲಳತೆಯಲ್ಲೇ ಇರುವ ಊರು ಇದು.

ಹಾಗಿದ್ದರೆ ತೊಂದರೆ ಏನು?

ಚಡಚಣ ಮೊದಲು ಇಂಡಿ ತಾಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಪಟ್ಟಿಯಲ್ಲಿ ಅದರ ಹೆಸರು ಬಂತು. ಹೊಸ ತಾಲೂಕು ಎಂದರೆ ತಹಶೀಲ್ದಾರ್ ಕಚೇರಿ, ನ್ಯಾಯಾಲಯ, ಹೊಸ ಬಡಾವಣೆ, ಅಗಲ ರಸ್ತೆ. ಇಂಥ ಊರುಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಊರೊಳಗೆ ಜಾಗ ಸಿಗುವುದಿಲ್ಲ ಎಂದು ಸರ್ಕಾರಿ ಕಟ್ಟಡ ಎರಡು-ಮೂರು ಕಿಲೋಮೀಟರ್ ಹೊರಗೆ ಹೋಗುತ್ತದೆ. ಅದರ ಬೆನ್ನಿಗೇ ಎರೆ ಹೊಲಗಳು ಎನ್‌ಎ ಪ್ಲಾಟುಗಳಾಗುತ್ತವೆ. ಪ್ಲಾಟುಗಳಲ್ಲಿ ಅರ್ಧಕ್ಕರ್ಧ ಹತ್ತು ವರ್ಷ ಜಾಲಿ ಬೆಳೆದುಕೊಂಡು ಖಾಲಿ ಬಿದ್ದಿರುತ್ತವೆ. ಆದರೆ ಅವುಗಳ ಆಚೆ ಒಂದು ಶಾಲೆ, ಒಂದು ಕಲ್ಯಾಣ ಮಂಟಪ ಎದ್ದಿರುತ್ತದೆ. ಪಹಣಿಯ ಒಂದು ಕೆಲಸಕ್ಕೆ ಬರುವ ಮುದುಕ ಬಸ್ಸಿಳಿದು ಟಂಟಂ ಹಿಡಿಯಬೇಕಾಗುತ್ತದೆ.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಸಣ್ಣ ಊರಲ್ಲಿ ಬೈಕ್ ಬಿಟ್ಟು ನಡೆದರೆ ಭೂಮಿಯೇ ತಣ್ಣಗಾಗುತ್ತದೆ ಎಂದು ಬರೆಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಕಿಲೋಮೀಟರಿನ ನಾಲ್ಕು ಓಡಾಟ ಎಂದರೆ ವರ್ಷಕ್ಕೆ 1,460 ಕಿಲೋಮೀಟರ್. ಲೀಟರಿಗೆ 50 ಕೊಡುವ ಬೈಕಾದರೆ 29 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಒಟ್ಟು 67 ಕಿಲೋ. ಲೀಟರಿಗೆ 100 ರೂಪಾಯಿ ಹಿಡಿದರೆ 2,900 ರೂಪಾಯಿ ಉಳಿತಾಯ. ಜೇಬಿಗೆ ಒಳ್ಳೆಯದೇ, ಆದರೆ ಜಗತ್ತನ್ನು ಉಳಿಸುವಷ್ಟೇನೂ ಅಲ್ಲ. ಪರಿಸರದ ದೊಡ್ಡ ಲೆಕ್ಕ ಇರುವುದು ಊರು ಹೇಗೆ ಹರಡುತ್ತದೆ ಎಂಬುದರಲ್ಲಿ. ಊರು ಹೊಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಹರಡಿದರೆ ಅಷ್ಟೂ ಉದ್ದಕ್ಕೆ ರಸ್ತೆ, ನೀರಿನ ಪೈಪು, ವಿದ್ಯುತ್ ಕಂಬ, ಗಟಾರ ಬೇಕು, ಪ್ರತಿ ಮನೆಗೂ ಬೈಕ್ ಬೇಕು. ಒಮ್ಮೆ ಹಾಗೆ ಹರಡಿದ ಊರನ್ನು ಮತ್ತೆ ಒತ್ತಟ್ಟಿಗೆ ತರಲು ಆಗುವುದಿಲ್ಲ.

‘ನಮ್ಮ ಬಿಸಿಲಾಗ ನಡಿಯೋದು ಆಗೂದಿಲ್ರಿ’

ಇದು ಫಾರ್ವರ್ಡ್ ಅಲ್ಲ, ಎಲ್ಲರ ಬಾಯಲ್ಲೂ ಇರುವ ಮಾತು. ನಡೆಯುವ ಊರು ತಂಪು ದೇಶದವರಿಗೆ ಸರಿ, ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಗೆ ಅಲ್ಲ ಎಂಬ ವಾದ. ಇದರಲ್ಲಿ ಅರ್ಧ ನಿಜ ಇದೆ.

ನಮ್ಮನ್ನು ಸುಡುವುದು ಗಾಳಿಯ ಬಿಸಿ ಮಾತ್ರ ಅಲ್ಲ. ತಲೆಯ ಮೇಲೆ ನೇರವಾಗಿ ಬೀಳುವ ಬಿಸಿಲು ಒಂದು, ಕಾದ ಡಾಂಬರು, ಸಿಮೆಂಟು, ತಗಡುಗಳಿಂದ ಹೊಮ್ಮುವ ಝಳ ಇನ್ನೊಂದು. ನೆರಳಲ್ಲಿ ಇಟ್ಟ ಥರ್ಮಾಮೀಟರ್ 41 ಎಂದೇ ತೋರಿಸುತ್ತಿದ್ದರೂ ಬೇವಿನ ಕೆಳಗೆ ನಿಂತವನಿಗೂ ಬಯಲಲ್ಲಿ ನಿಂತವನಿಗೂ ಆಗುವ ಅನುಭವ ಒಂದೇ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಅಂದಾಜಿನಂತೆ ನೆರಳಲ್ಲಿರುವ ನೆಲ, ಗೋಡೆಗಳು ಬಿಸಿಲಿನವುಗಳ ಗರಿಷ್ಠ ಬಿಸಿಗಿಂತ 11ರಿಂದ 25 ಡಿಗ್ರಿಯಷ್ಟು ತಂಪಾಗಿರಬಹುದು. ಎಲೆಗಳು ನೀರನ್ನು ಆವಿಯಾಗಿ ಬಿಡುವುದರಿಂದ ಸುತ್ತಲಿನ ಗಾಳಿಯೂ ಒಂದಿಷ್ಟು ತಂಪಾಗುತ್ತದೆ. ತಗಡಿನ ಛಾವಣಿಯೂ ನೆರಳು ಕೊಡುತ್ತದೆ, ಆದರೆ ತಾನೇ ಕಾದು ಕೆಳಗೆ ಝಳ ಬಿಡುತ್ತದೆ. ಗಿಡದ ನೆರಳಿಗೂ ತಗಡಿನ ನೆರಳಿಗೂ ಇರುವ ವ್ಯತ್ಯಾಸ ಇದೇ. (ನಮ್ಮ ಕಡೆ ದೊಡ್ಡ ಮರಕ್ಕೂ ಗಿಡ ಎಂದೇ ಅನ್ನುವುದು. ಇಲ್ಲಿಯೂ ಹಾಗೇ ಓದಿಕೊಳ್ಳಿ.)

ಹಳೆಯ ಊರಿನ ಓಣಿಗಳು ಕಿರಿದಾಗಿರುವುದನ್ನು ಹಿಂದುಳಿದಿರುವಿಕೆ ಎಂದು ನೋಡುತ್ತೇವೆ. ಹತ್ತು ಅಡಿ ಅಗಲದ ಓಣಿ, ಎರಡೂ ಬದಿ ಇಪ್ಪತ್ತು ಅಡಿ ಎತ್ತರದ ಮನೆ ಇದ್ದರೆ, ಅದರಲ್ಲೂ ಓಣಿ ಉತ್ತರ–ದಕ್ಷಿಣವಾಗಿದ್ದರೆ, ಬೆಳಿಗ್ಗೆ ಪೂರ್ವದ ಗೋಡೆಯ ನೆರಳು, ಸಂಜೆ ಪಶ್ಚಿಮದ ಗೋಡೆಯ ನೆರಳು. ಹೊಸ ಲೇಔಟಿನ ನಲವತ್ತು ಅಡಿ ರಸ್ತೆಯಲ್ಲಿ ಒಂದಂತಸ್ತಿನ ಮನೆಗಳು ದೂರ ದೂರ ನಿಂತರೆ ನಡೆಯುವವನಿಗೆ ಅಂಗೈಯಗಲ ನೆರಳೂ ಸಿಗುವುದಿಲ್ಲ.

ಆದರೆ ಗೋಡೆಯ ನೆರಳಿಗೂ ಒಂದು ಮಿತಿ ಇದೆ. ಚಡಚಣ ಇರುವುದು ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರದಲ್ಲಿ ನಡು ಮಧ್ಯಾಹ್ನ ಸೂರ್ಯ ಇಲ್ಲಿ ನಡುನೆತ್ತಿಯ ಮೇಲೆಯೇ ಇರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಆ ಹೊತ್ತಿಗೆ ಎಷ್ಟು ಎತ್ತರದ ಗೋಡೆಯೂ ಉಪಯೋಗಕ್ಕಿಲ್ಲ. ತಲೆಯ ಮೇಲೆ ಛತ್ರಿಯಂತೆ ಹರಡಿದ ಟೊಂಗೆಗಳೇ ಬೇಕು. ಮೇ ತಿಂಗಳ ಸುಡುಬಿಸಿಲಿಗೆ ಗಿಡಕ್ಕೆ ಬದಲಿ ಇಲ್ಲ ಎನ್ನುವುದು ಭಾವನೆಯ ಮಾತಲ್ಲ, ರೇಖಾಗಣಿತ.

ಅರಣ್ಯ ಶೇ 1ರಷ್ಟೂ ಇರದ ಜಿಲ್ಲೆ ನಮ್ಮದು. ಎಂ.ಬಿ. ಪಾಟೀಲರ ಮುಂದಾಳತ್ವದ ಕೋಟಿ ವೃಕ್ಷ ಅಭಿಯಾನದಿಂದ ಗಿಡ ನೆಡುವ ಮಾತು ಮನೆಮನೆಗೆ ಬಂದಿದೆ. ನೆಡುವ ಜಾಗದ ಬಗ್ಗೆ ಮಾತ್ರ ಇನ್ನೂ ಯೋಚನೆ ಬೇಕು. ರಸ್ತೆಯ ನಡುವಿನ ವಿಭಜಕದಲ್ಲಿ ನೆಟ್ಟ ಅಲಂಕಾರದ ಗಿಡ ಫೋಟೊಗೆ ಚೆಂದ, ನೆರಳು ಬೀಳುವುದು ಕಾರಿನ ಮೇಲೆ. ಬಸ್ ನಿಲ್ದಾಣದಿಂದ ದವಾಖಾನೆಗೆ, ಓಣಿಯಿಂದ ಶಾಲೆಗೆ ಜನ ನಡೆಯುವ ಬದಿಯಲ್ಲಿ ಬೇವು, ಹೊಂಗೆ, ಹುಣಸೆ ಬೇಕು. ಇದ್ದ ಗಿಡವನ್ನು ಸಿಸಿ ರಸ್ತೆ ಮಾಡುವಾಗ ಬುಡದವರೆಗೂ ಸಿಮೆಂಟ್ ಮೆತ್ತಿ ಕೊಲ್ಲುವುದು ಇನ್ನೊಂದು ಕಥೆ. ಬೇರಿಗೆ ನೀರೂ ಗಾಳಿಯೂ ಸಿಗದೆ ಗಿಡ ನಿಧಾನವಾಗಿ ಒಣಗುತ್ತದೆ, ಒಂದು ಮಳೆಗಾಲದ ಗಾಳಿಗೆ ಬೀಳುತ್ತದೆ, ಆಮೇಲೆ ಗಿಡವೇ ಅಪಾಯ ಎಂಬ ಹೆಸರು. ಬುಡದ ಸುತ್ತ ಒಂದು ಮೀಟರ್ ಜಾಗ ಮಣ್ಣಾಗಿಯೇ ಇರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ದೆಹಲಿಯ ಪ್ರಕರಣವೊಂದರಲ್ಲಿ ಹೇಳಿದೆ.

‘ರಸ್ತೆ ಅಗಲ ಆದ್ರ ಊರು ಸುಧಾರಸ್ತದ’

ರಸ್ತೆ ಅಗಲ ಮಾಡಿದರೆ ದಟ್ಟಣೆ ಕರಗುತ್ತದೆ ಎಂಬ ನಂಬಿಕೆಗೆ ದೊಡ್ಡ ಪರೀಕ್ಷೆ ನಡೆದದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅಲ್ಲಿನ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ, ಬದಿಯ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಷ್ಟು ಅಗಲ ಮಾಡಿದರು. ಖರ್ಚು 280 ಕೋಟಿ ಡಾಲರ್. ಕೆಲವೇ ವರ್ಷಗಳಲ್ಲಿ ಬೆಳಗಿನ, ಸಂಜೆಯ ಪ್ರಯಾಣಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯತೊಡಗಿತು. ರಸ್ತೆ ಸಲೀಸಾಯಿತೆಂದು ಜನ ಇನ್ನೂ ದೂರ ಮನೆ ಮಾಡಿದರು, ಇನ್ನೂ ಹೆಚ್ಚು ಕಾರು ತೆಗೆದರು.

ಸಣ್ಣ ಊರಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. ಅಂಗಡಿ ಮುಂಗಟ್ಟು ಒಡೆದು ಅಗಲ ಮಾಡಿದ ಜಾಗದಲ್ಲಿ ಆರು ತಿಂಗಳಿಗೆ ಬೈಕು, ಟಂಟಂ, ಸರಕಿನ ಗಾಡಿ ಸಾಲಾಗಿ ನಿಲ್ಲುತ್ತವೆ. ಉಳಿದ ನಡುಭಾಗದಲ್ಲಿ ವಾಹನಗಳು ಮೊದಲಿಗಿಂತ ಜೋರಾಗಿ ಓಡುತ್ತವೆ. ಜೋರಾಗಿ ಎಂಬುದೇ ಇಲ್ಲಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ. ಕಾರಿನ ವೇಗ ಗಂಟೆಗೆ 50ರಿಂದ 65 ಕಿಲೋಮೀಟರಿಗೆ ಏರಿದರೆ ಡಿಕ್ಕಿಗೆ ಸಿಕ್ಕ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 32,825 ಪಾದಚಾರಿಗಳು ರಸ್ತೆಯಲ್ಲಿ ಸತ್ತರು. ದಿನಕ್ಕೆ 90 ಜನ. ಅವರು ಮಾಡಿದ್ದು ನಡೆದದ್ದಷ್ಟೇ.

ವ್ಯಾಪಾರಸ್ಥರ ಭಯವೂ ಸುಳ್ಳಲ್ಲ. ಅಂಗಡಿ ಮುಂದೆ ಗಾಡಿ ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಲಂಡನ್ ಸಾರಿಗೆ ಸಂಸ್ಥೆ ಅಲ್ಲಿನ ಪೇಟೆಗಳಲ್ಲಿ ಲೆಕ್ಕ ತೆಗೆದಾಗ ನಡೆದು ಬರುವವರು ತಿಂಗಳಿಗೆ ಕಾರಿನವರಿಗಿಂತ ಶೇ 40ರವರೆಗೂ ಹೆಚ್ಚು ಖರ್ಚು ಮಾಡುತ್ತಿದ್ದರು. ಒಮ್ಮೆಗೆ ಕಡಿಮೆ ಕೊಂಡರೂ ಮತ್ತೆ ಮತ್ತೆ ಬರುತ್ತಿದ್ದರು. ಲಂಡನ್ ಲೆಕ್ಕವನ್ನು ತಂದು ಚಡಚಣಕ್ಕೆ ಅಂಟಿಸಬೇಕಿಲ್ಲ. ಇಲ್ಲಿಯ ಸಾಕ್ಷಿ ಇಲ್ಲೇ ಇದೆ. ಸಂಗಮೇಶ್ವರ ಜಾತ್ರೆಯ ದಿನ ರಸ್ತೆ ತುಂಬ ಜನ, ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಆ ದಿನ ವ್ಯಾಪಾರ ಕೆಟ್ಟಿತೆಂದು ಹೇಳಿದ ಅಂಗಡಿಕಾರರು ಯಾರಾದರೂ ಸಿಕ್ಕರೆ ತಿಳಿಸಿ.

ಫುಟ್‌ಪಾತ್ ಎಂದರೆ ಗಟಾರದ ಮುಚ್ಚಳ ಅಲ್ಲ

ನಮ್ಮ ಹೆಚ್ಚಿನ ಪಟ್ಟಣಗಳಲ್ಲಿ ಫುಟ್‌ಪಾತ್ ಎಂದರೆ ಗಟಾರದ ಮೇಲೆ ಹಾಸಿದ ಕಲ್ಲು. ಒಂದು ಕಲ್ಲು ಮುರಿದಿರುತ್ತದೆ, ಇನ್ನೊಂದನ್ನು ಗಟಾರ ತೆಗೆಯಲು ಎತ್ತಿ ಪಕ್ಕಕ್ಕಿಟ್ಟವರು ಮರಳಿ ಹಾಕಿರುವುದಿಲ್ಲ, ಮುಂದೆ ಟಿಸಿ ಕಂಬ. ಕೊನೆಗೆ ಎಲ್ಲರೂ ರಸ್ತೆಗೆ ಇಳಿಯುತ್ತಾರೆ. ಆಮೇಲೆ ಜನರಿಗೆ ಶಿಸ್ತಿಲ್ಲ ಎಂಬ ಬೈಗುಳ.

ಭಾರತೀಯ ರಸ್ತೆ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಎಂದಿದೆ. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು. ಎತ್ತರದ ಮಿತಿ ಏಕೆಂದರೆ ಮೊಣಕಾಲು ನೋವಿನ ಅಜ್ಜಿ ಒಂದು ಅಡಿಯ ಕಟ್ಟೆ ಹತ್ತಲಾರಳು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿತು. ಹಾಗಾಗಿ ಫುಟ್‌ಪಾತ್ ಕೇಳುವುದು ಉಪಕಾರ ಬೇಡಿದಂತೆ ಅಲ್ಲ.

ಫುಟ್‌ಪಾತ್ ತೆರವು ಎಂದ ಕೂಡಲೇ ಮೊದಲು ಎತ್ತಂಗಡಿ ಆಗುವುದು ಕಾಯಿಪಲ್ಲೆ ಬುಟ್ಟಿ, ಚಹಾದ ಗಾಡಿ. ಇದು ಅನ್ಯಾಯವೂ ಹೌದು, ಅವಿವೇಕವೂ ಹೌದು. ಬೀದಿ ವ್ಯಾಪಾರಿ ಇರುವ ರಸ್ತೆಯಲ್ಲಿ ಸಂಜೆ ಮೇಲೂ ಬೆಳಕಿರುತ್ತದೆ, ಜನರಿರುತ್ತಾರೆ, ಹೆಣ್ಣುಮಕ್ಕಳು ಹೆದರದೆ ಓಡಾಡುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಫುಟ್‌ಪಾತ್ ನುಂಗಿದವರು ಯಾರು ಎಂದು ಒಂದು ಸಂಜೆ ಎಣಿಸಿ ನೋಡಿ. ಬುಟ್ಟಿಗಳಿಗಿಂತ ನಿಂತ ಬೈಕುಗಳೇ ಹೆಚ್ಚು ಸಿಗಬಹುದು.

ಸಣ್ಣ ಊರೊಂದು ಮಾಡಿದ ನಕ್ಷೆ

ಇದೆಲ್ಲ ದೊಡ್ಡ ನಗರಕ್ಕೆ ಆಗುವ ಮಾತು ಎನ್ನುವವರಿಗೆ ಸ್ಪೇನಿನ ಪೊಂಟೆವೆಡ್ರಾ ಉತ್ತರ. ಸುಮಾರು 80 ಸಾವಿರ ಜನರ ಊರು. 1999ರಲ್ಲಿ ಮೇಯರ್ ಆದ ಮಿಗೆಲ್ ಆಂಶೊ ಫೆರ್ನಾಂಡೆಸ್ ಲೋರೆಸ್ ಹಳೆಯ ಪೇಟೆಯಲ್ಲಿ ಕಾರು ಸುತ್ತಾಡುವುದನ್ನು ನಿಲ್ಲಿಸಿದರು, ಉಳಿದ ಕಡೆ ವೇಗ ಗಂಟೆಗೆ 30 ಕಿಲೋಮೀಟರಿಗೆ ಇಳಿಸಿದರು. 1996ರಿಂದ 2006ರವರೆಗೆ 30 ಜನ ಸತ್ತಿದ್ದ ಅದೇ ರಸ್ತೆಗಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಸತ್ತವರು ಮೂರೇ ಜನ. ಸಾಮಾನು ಇಳಿಸುವ ಗಾಡಿ, ಆ್ಯಂಬುಲೆನ್ಸ್, ಅಲ್ಲಿಯೇ ಮನೆ ಇರುವವರ ಕಾರು ಈಗಲೂ ಹೋಗುತ್ತವೆ. ಯಾರನ್ನೂ ಕೂಡಿಹಾಕಿಲ್ಲ.

ಆ ಊರಿನವರು 2011ರಲ್ಲಿ ಒಂದು ಜಾಣತನ ಮಾಡಿದರು. ಮೆಟ್ರೊ ರೈಲಿನ ನಕ್ಷೆಯಂತೆ ಬಣ್ಣದ ಗೆರೆಗಳ ಒಂದು ನಕ್ಷೆ ಬರೆದರು. ಅದರಲ್ಲಿ ರೈಲು ಇಲ್ಲ. ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ನಿಮಿಷ ಎಂದಷ್ಟೇ ಬರೆದಿದೆ. ಇಷ್ಟು ಹತ್ತಿರ ಇದೆಯಾ ಎಂದು ಊರಿನವರಿಗೇ ಆಶ್ಚರ್ಯವಾಗುವಂಥ ನಕ್ಷೆ ಅದು. ನಮ್ಮೂರಿನ ದೂರವನ್ನು ನಾವು ಬೈಕಿನ ಮೇಲೆ ಕೂತು ಅಂದಾಜು ಮಾಡುತ್ತೇವೆ. ಹಾಗಾಗಿ ಯಾವಾಗಲೂ ಹೆಚ್ಚು ಎನ್ನಿಸುತ್ತದೆ.

ಅಂದಹಾಗೆ, ದಿನಕ್ಕೆ 10,000 ಹೆಜ್ಜೆ ಕಡ್ಡಾಯ ಎಂಬ ಫಾರ್ವರ್ಡಿನ ಮೂಲ 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರು, ವೈದ್ಯಕೀಯ ಸಂಶೋಧನೆ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲಿ ದಿನಕ್ಕೆ ಸುಮಾರು 4,000 ಹೆಜ್ಜೆಯಿಂದಲೇ ಸಾವಿನ ಅಪಾಯ ಇಳಿಯುವುದು ಕಂಡಿದೆ. ಹೆಚ್ಚು ನಡೆದಷ್ಟೂ ಇನ್ನೂ ಒಳ್ಳೆಯದು. ಪೇಟೆಗೆ, ಶಾಲೆಗೆ, ಗುಡಿಗೆ ಹೋಗಿ ಬರುವುದರಲ್ಲೇ ಅಷ್ಟು ಆಗುವ ಊರಿನವರಿಗೆ ಬೆಳಗಿನ ವಾಕಿಂಗ್ ಶೂ ಬೇಕೆಂದೇನಿಲ್ಲ.

ಅಂಥ ನಕ್ಷೆ ಮಾಡಲು ನಿಮ್ಮ ಕೈಯಲ್ಲಿರುವ ಫೋನ್ ಸಾಕು. ಮ್ಯಾಪ್ ತೆರೆದು ನಡಿಗೆಯ ಗುರುತನ್ನು ಒತ್ತಿ, ಬಸ್ ನಿಲ್ದಾಣದಿಂದ ಐದಾರು ಕಡೆಗೆ ನಿಮಿಷ ಬರೆದುಕೊಳ್ಳಿ. ಶಾಲೆಯ ಹುಡುಗರಿಗೆ ಹೇಳಿದರೆ ಒಂದೇ ದಿನದ ಕೆಲಸ. ಎಲ್ಲಿ ನೆರಳಿಲ್ಲ, ಎಲ್ಲಿ ಗಟಾರದ ಕಲ್ಲು ಇಲ್ಲ, ಎಲ್ಲಿ ದಾಟಲು ಹೆದರಿಕೆ ಎಂದು ಅದರ ಮೇಲೆಯೇ ಗುರುತು ಹಾಕಿ, ಫೋಟೊ ತೆಗೆದು ವಾರ್ಡಿನ ಸದಸ್ಯರಿಗೂ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗೂ ಕಳಿಸಿ. ಮುಂದಿನ ಸಲ ನಿಮ್ಮ ಓಣಿಗೆ ಸಿಸಿ ರಸ್ತೆ ಮಂಜೂರಾದಾಗ ಕೆಲಸ ಶುರುವಾಗುವ ಮುಂಚೆ ಎಸ್ಟಿಮೇಟ್ ತೋರಿಸಲು ಕೇಳಿ. ಗಿಡದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಟ್ಟಿದ್ದಾರಾ, ಗಟಾರದ ಮೇಲಿನ ಕಲ್ಲು ಒಂದೇ ಮಟ್ಟಕ್ಕೆ ಕೂರುತ್ತದಾ, ಹಳೆಯ ಪದರ ಕಿತ್ತು ತೆಗೆದು ಹೊಸದು ಹಾಕುತ್ತಾರಾ ಅಥವಾ ಮೇಲಿಂದ ಮೇಲೆಯೇ ಹಾಕುತ್ತಾರಾ ಎಂದು ನೋಡಿ. ಮೂರು ಸಲ ಮೇಲಿಂದ ಮೇಲೆ ಹಾಕಿದ ಓಣಿಗಳಲ್ಲಿ ಈಗ ರಸ್ತೆ ಎತ್ತರ, ಮನೆ ತಗ್ಗು. ಮಳೆ ಬಂದರೆ ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ.